ಬೈತಖೋಲ್ ಬೋಟಿನ ಹೊರರಾಜ್ಯದ ಕೆಲಸಗಾರರ ಮೇಲೆ ಪಿಎಚ್‌.ಡಿ. – 300 ಪ್ರಶ್ನಾವಳಿ ತುಂಬಿಸಲೇಬೇಕಾ?

ಕೋಡಿಬಾಗದವಳು:
ಎಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಪಿಎಚ್‌.ಡಿ.ಗೆ ಸೇರಿದ್ದೇನೆ. ಊರು ಕಾರವಾರವೇ. ನಮ್ಮ ಬೈತಖೋಲ್ ಬಂದರಿನ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ತುಂಬ ಜನ ಇದ್ದಾರೆ ಅಲ್ವಾ, ಅವರ ವಲಸೆಯ ಬಗ್ಗೆಯೇ ಮಾಡಬೇಕು ಅಂತ ಆಸೆ. ಗೈಡ್ ಒಪ್ಪಿದ್ದಾರೆ. ಆದರೆ 300 ಜನರಿಗೆ ಪ್ರಶ್ನಾವಳಿ ಕೊಟ್ಟು, ಟೇಬಲ್ ಹಾಕಿ, ಕೈ-ಸ್ಕ್ವೇರ್ (ಎರಡು ಸಂಗತಿಗಳಿಗೆ ಸಂಬಂಧ ಇದೆಯಾ ಅಂತ ನೋಡುವ ಸಂಖ್ಯಾಶಾಸ್ತ್ರದ ಪರೀಕ್ಷೆ) ಮಾಡಿ ತನ್ನಿ, ಉಳಿದದ್ದು ಆಮೇಲೆ ನೋಡೋಣ ಎನ್ನುತ್ತಾರೆ. ನನಗೋ ಹದಿನೈದು-ಇಪ್ಪತ್ತು ಜನರ ಜೊತೆ ಕೂತು, ಅವರು ಹೇಗೆ ಬಂದರು, ಮನೆಗೆ ಏನು ಕಳಿಸುತ್ತಾರೆ, ಇಲ್ಲಿಯವರ ಜೊತೆ ಹೇಗಿದ್ದಾರೆ ಅಂತ ನಿಧಾನವಾಗಿ ಕೇಳಬೇಕು ಅನ್ನಿಸುತ್ತದೆ. ಕೋರ್ಸ್‌ವರ್ಕ್ ಮೇನಲ್ಲಿ ಮುಗಿಯುತ್ತದೆ. ಜೂನ್‌ನಿಂದಲೇ ಫೀಲ್ಡಿಗೆ ಇಳಿಯೋಣ ಅಂತಿದ್ದೇನೆ. ಕೊಂಕಣಿ, ಕನ್ನಡ, ಹಿಂದಿ ಬರುತ್ತದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ತಾಂಡೇಲರ ಮನೆ:
ಜೂನ್‌ನಲ್ಲಿ ಯಾರನ್ನು ಕೇಳುತ್ತೀರಿ ಅಕ್ಕಾ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್. ಹುಡುಗರೆಲ್ಲ ಮೇ ಕೊನೆಗೇ ರೈಲು ಹತ್ತಿರುತ್ತಾರೆ. ಬಂದರಲ್ಲಿ ಕಟ್ಟಿ ಹಾಕಿದ ಬೋಟು, ಬಲೆ ರಿಪೇರಿ ಮಾಡುವ ನಮ್ಮಂಥವರು, ನಾಯಿಗಳು, ಇಷ್ಟೇ.

ಹಳೇ ಸ್ಕಾಲರ್:
ಮೇಲಿನವರು ಹೇಳಿದ್ದೇ ನಿಮ್ಮ ಮೊದಲ ಪಾಠ. ಯಾವ ವಿಧಾನ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಆ ಕೆಲಸದ ಕ್ಯಾಲೆಂಡರ್ ಹಿಡಿಯಿರಿ.

ಗೈಡ್ ಹೇಳಿದ್ದು ಪೂರ್ತಿ ತಪ್ಪೇನಲ್ಲ, 300 ಎಂಬ ಅಂಕಿ ಎಲ್ಲಿಂದ ಬಂತು ಅನ್ನುವುದು ಪ್ರಶ್ನೆ. ಸ್ಯಾಂಪಲ್ ತೆಗೆಯಬೇಕಾದರೆ ಒಂದು ಪಟ್ಟಿ ಬೇಕು. ಈ ಕೆಲಸಗಾರರ ಪಟ್ಟಿ ಯಾರ ಹತ್ತಿರ ಸಿಗುತ್ತದೆ ಹೇಳಿ? ಜನಗಣತಿಯಲ್ಲಿ ಹಿಂದೆ ಬೇರೆ ಊರಲ್ಲಿ ವಾಸವಿದ್ದು ಈಗ ಇಲ್ಲಿ ಎಣಿಕೆಗೆ ಸಿಕ್ಕವರೆಲ್ಲ ವಲಸಿಗರೇ. ಸಿದ್ದಾಪುರದಿಂದ ಶಿರಸಿಗೆ ಮದುವೆಯಾಗಿ ಬಂದ ಹೆಣ್ಣುಮಗಳೂ ಆ ಲೆಕ್ಕದಲ್ಲಿದ್ದಾಳೆ. 2011ರಲ್ಲಿ ದೇಶದಲ್ಲಿ 45 ಕೋಟಿ ದಾಟಿದ್ದು ಹೀಗೆ. ಅದು ಬಿಡಿ, 2007-08ರ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 64ನೇ ಸುತ್ತು ಅಲ್ಪಾವಧಿ ವಲಸಿಗರನ್ನು ಬೇರೆಯಾಗಿ ಎಣಿಸಿತ್ತು. ಆದರೆ ಅದಕ್ಕೆ ಊರು ಬಿಟ್ಟು ಒಂದು ತಿಂಗಳಾದರೂ ಆಗಿರಬೇಕು, ಆರು ತಿಂಗಳ ಒಳಗಿರಬೇಕು. ಬೋಟಿನ ಹುಡುಗ ಆಗಸ್ಟ್‌ನಿಂದ ಮೇವರೆಗೆ ಇಲ್ಲಿರುತ್ತಾನೆ. ಅಲ್ಪಾವಧಿಗೆ ಅವನದು ಜಾಸ್ತಿ ಆಯಿತು. ಕಾಯಂ ಅನ್ನೋಣವೆಂದರೆ ಮಲಗುವುದು ಬೋಟಿನಲ್ಲಿ, ಎಣಿಸುವವರು ಬರುವುದು ಮನೆ ಬಾಗಿಲಿಗೆ. ಎರಡೂ ಕಡೆ ಕೈತಪ್ಪುತ್ತಾನೆ. ನಿಮ್ಮ ಪ್ರಬಂಧದ ಮೊದಲ ಅಧ್ಯಾಯ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ಕೆಲಸಗಾರರ ಪಟ್ಟಿ ಇಲ್ಲದಿದ್ದರೂ ಬೋಟುಗಳ ಪಟ್ಟಿ ಇದೆ. ಪ್ರತಿ ಬೋಟೂ ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿ ಆಗಿರಬೇಕಲ್ಲ. ಅದರಿಂದ ಚೀಟಿ ಎತ್ತಿ ಬೋಟು ಆರಿಸಿ, ಆ ಬೋಟಿನಲ್ಲಿ ಕೆಲವರನ್ನು ಆರಿಸಿ. ಇಲ್ಲೇ ಸ್ವಲ್ಪ ಹುಷಾರು ಬೇಕು. ಒಂದು ಪರ್ಸಿನ್ ಬೋಟಿಗೆ (ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುಗಟ್ಟಿ ಹಿಡಿಯುವ ಬೋಟು) 25 ಜನ ಅಂತ ಹಿಡಿದು, 12 ಬೋಟು ಮಾಡಿ, 300 ಆಯಿತು ಅಂತ ಖುಷಿಪಡಬೇಡಿ. ಒಂದೇ ಬೋಟಿನವರು ಎಷ್ಟೋ ಸಲ ಒಂದೇ ಊರಿನವರು, ಒಬ್ಬನೇ ಕರೆತಂದವರು, ಹಾಗಾಗಿ ಉತ್ತರಗಳೂ ಒಂದೇ ಥರ ಬರುತ್ತವೆ. ಈ ಹೋಲಿಕೆಯನ್ನು, 1 ಅಂದರೆ ಎಲ್ಲರದೂ ಒಂದೇ ಉತ್ತರ ಎನ್ನುವ ಅಳತೆಯಲ್ಲಿ, ಉದಾಹರಣೆಗೆ 0.3 ಅಂತ ಇಟ್ಟುಕೊಳ್ಳಿ. ಹೀಗೆ ಗುಂಪಾಗಿ ಆರಿಸಿದ್ದರಿಂದ ಸ್ಯಾಂಪಲ್ಲಿನ ತೂಕ ಎಷ್ಟು ಪಟ್ಟು ಇಳಿಯುತ್ತದೆ ಅನ್ನುವುದೇ ಡಿಸೈನ್ ಎಫೆಕ್ಟ್. ಬೋಟಿನ 25 ಜನರಲ್ಲಿ ಒಬ್ಬನನ್ನು ಕಳೆದು 24, ಅದನ್ನು 0.3ರಿಂದ ಗುಣಿಸಿ 1ಕ್ಕೆ ಕೂಡಿಸಿ, 8.2. ನಿಮ್ಮ 300ರ ತೂಕ 37 ಜನರಷ್ಟೇ ಆಯಿತು! ಅದೇ 50 ಬೋಟು, ಬೋಟಿಗೆ 6 ಜನ ಅಂತ ಮಾಡಿದರೆ 2.5 ಬರುತ್ತದೆ, 300 ಹೋಗಿ 120ರಷ್ಟಾದರೂ ನಿಲ್ಲುತ್ತದೆ. ಬೈತಖೋಲ್‌ನಲ್ಲಿ ಅಷ್ಟು ಬೋಟಿನವರು ಸಿಗದಿದ್ದರೆ ಬೇಲೆಕೇರಿ, ತದಡಿ ಬಂದರುಗಳನ್ನೂ ಸೇರಿಸಿ. ಈ ಲೆಕ್ಕ ಗೈಡ್ ಮುಂದಿಡಿ. ಅಂಕಿ ಇಷ್ಟಪಡುವವರು ಅಂಕಿಯ ಮಾತು ಕೇಳುತ್ತಾರೆ.

ಜೂನ್-ಜುಲೈ ಸುಮ್ನೆ ಕಳೆಯಬೇಡಿ. ಮೇ ಒಳಗೆ ನಾಲ್ಕೈದು ಹುಡುಗರ ಪರಿಚಯ ಆದರೆ, ಅವರು ಕರೆದರೆ, ಮಳೆಗಾಲದಲ್ಲಿ ಅವರ ಊರಿಗೇ ಹೋಗಿ ಬನ್ನಿ. ಮಾನವಶಾಸ್ತ್ರದಲ್ಲಿ ಇದಕ್ಕೆ ಆಧಾರ ಬೇಕಾದರೆ ಜಾರ್ಜ್ ಮಾರ್ಕಸ್ 1995ರಲ್ಲಿ ಬರೆದ ಲೇಖನ ಇದೆ. ಒಂದೇ ಹಳ್ಳಿಯಲ್ಲಿ ಕೂರುವ ಬದಲು ಜನ, ವಸ್ತು ಹೋದಲ್ಲೆಲ್ಲ ಹಿಂದೆ ಹೋಗುವ ಫೀಲ್ಡ್‌ವರ್ಕ್ ಬಗ್ಗೆ.

ಇನ್ನೊಂದು, ಬರೆದದ್ದನ್ನು ಅವತ್ತವತ್ತೇ ಫೋಟೊ ತೆಗೆದು ಬೇರೆ ಕಡೆ ಇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿ ಇದ್ದು ಮಾಡಿದ ಟಿಪ್ಪಣಿಗಳನ್ನು ಸಂಸ್ಕರಿಸಿ ಇಟ್ಟಿದ್ದು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಹೋಯಿತು. ಅವರು ನೆನಪಿನಿಂದಲೇ ಪುಸ್ತಕ ಬರೆದರು. ನಮಗೆ ನಿಮಗೆ ಅದು ಆಗುವ ಮಾತಲ್ಲ.

ಘಟ್ಟದ ಮೇಲಿನವ:
ಎಲ್ಲರೂ ಬರುವವರನ್ನೇ ಓದುತ್ತೀರಿ, ಹೋಗುವವರನ್ನು ಯಾರು ನೋಡುತ್ತಾರೆ ಮಾರಾಯ್ರೆ? ಶಿರಸಿ ಕಡೆ ಬನ್ನಿ. ಮಕ್ಕಳು ಬೆಂಗಳೂರು, ಮನೆಯಲ್ಲಿ ಅಪ್ಪ-ಅಮ್ಮ ಇಬ್ಬರೇ. ಅಡಿಕೆ ಗೊನೆ ಕೊಯ್ಯಲು ಜನ ಸಿಗದೆ ತೋಟದಲ್ಲಿ ಅಡಿಕೆ ಉದುರುತ್ತಿರುತ್ತದೆ. ಕಾರವಾರದಲ್ಲೂ ಅಷ್ಟೇ ಅಲ್ವಾ, ಸ್ಥಳೀಯ ಹುಡುಗರು ಗೋವಾಕ್ಕೆ ಕೆಲಸಕ್ಕೆ ಹೋಗುತ್ತಾರೆ, ಬೋಟಿಗೆ ಒಡಿಶಾದವರು ಬರುತ್ತಾರೆ. ಇವೆರಡನ್ನೂ ಒಟ್ಟಿಗೆ ನೋಡದಿದ್ದರೆ ಅರ್ಧ ಕಥೆಯೇ.

ಹಳೇ ಸ್ಕಾಲರ್:
ಮಾತು ಸರಿ, ಆದರೆ ಅವರಿಗೆ ಇರುವುದು ಒಂದೇ ಪಿಎಚ್‌.ಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಘಟ್ಟ ಹತ್ತಿಸಿದರೆ ಆರೂ ಸಾಲದು. ಗೋವಾದ ವಿಷಯವನ್ನು ಒಂದು ಅಧ್ಯಾಯದಲ್ಲಿ ತರಬಹುದು.

ತಾಂಡೇಲರ ಮನೆ:
ನಾನು ಓದಿದ್ದು ಪಿಯುಸಿ, ವಿಧಾನ ಗಿಧಾನ ಗೊತ್ತಿಲ್ಲ, ಆದರೆ ಮನೆಯಲ್ಲಿ ಬೋಟಿದೆ. ಹಿಂದೊಮ್ಮೆ ಯಾರೋ ಫಾರ್ಮ್ ಹಿಡಿದು ಬಂದು ‘ನಿಮ್ಮ ಮಾಸಿಕ ಆದಾಯ ಎಷ್ಟು’ ಅಂತ ಎಲ್ಲರನ್ನೂ ಕೇಳಿದರು. ಹುಡುಗರು ನಮ್ಮ ಅಣ್ಣನ ಮುಖ ನೋಡಿ ಒಂದೇ ಅಂಕಿ ಹೇಳಿದರು. ಮಾಲೀಕ ನಿಂತಿರುವಾಗ ಇನ್ನೇನು ಹೇಳುತ್ತಾರೆ? ನಮ್ಮ ಬೋಟಿನಲ್ಲಿ ಊರವರಿಗೆ ಡೀಸೆಲ್, ಐಸು, ರೇಷನ್ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು. ಹೊರಗಿನ ಹುಡುಗರಿಗೆ ತಿಂಗಳ ಸಂಬಳ, ಮೇಲೆ ಕೈಖರ್ಚಿಗೆ ಒಂದಿಷ್ಟು, ಮತ್ತು ಸೀಸನ್‌ಗೆ ಮೊದಲೇ ಊರಿಗೆ ಕಳಿಸಿದ ಮುಂಗಡ. ಆ ಮುಂಗಡ ತಿಂಗಳು ತಿಂಗಳು ಮುರಿಯುತ್ತಾ ಹೋಗುತ್ತದೆ. ಇದೆಲ್ಲ ಒಂದು ಚೌಕದಲ್ಲಿ ಹೇಗೆ ಬರೆಯುತ್ತೀರಿ? ಅದರ ಬದಲು ‘ಕೊನೆಯ ಸಲ ಮನೆಗೆ ಎಷ್ಟು ಕಳಿಸಿದಿರಿ, ಯಾರ ಫೋನಿಂದ ಕಳಿಸಿದಿರಿ’ ಅಂತ ಕೇಳಿ. ನಮ್ಮ ಬೋಟಿನಲ್ಲಿ ಒಬ್ಬನ ಫೋನಿನಿಂದಲೇ ಏಳೆಂಟು ಜನ ಕಳಿಸುತ್ತಾರೆ. ಅವನೇ ಅವರನ್ನೆಲ್ಲ ಕರೆತಂದವನು.

ಬೆಳಿಗ್ಗೆ ಮೀನು ಇಳಿಸುವ ಹೊತ್ತಿಗೆ ಮಾತ್ರ ಬರಬೇಡಿ, ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ. ಗಾಳಿ-ಮಳೆ ಮುನ್ಸೂಚನೆ ಬಂದಾಗ ಬನ್ನಿ. ಅವತ್ತು ಗೋವಾ, ಮಲ್ಪೆ ಬೋಟುಗಳೂ ನಮ್ಮ ಬಂದರಿಗೇ ಬಂದು ನಿಲ್ಲುತ್ತವೆ. ಹುಡುಗರು ಬೋಟಿನ ಮೇಲೆ ಇಸ್ಪೀಟು ಆಡುತ್ತಾ, ಅನ್ನ ಬೇಯಿಸುತ್ತಾ ಖಾಲಿ ಕೂತಿರುತ್ತಾರೆ. ನೀವಾಗಿ ಕೇಳಬೇಕೆಂದಿಲ್ಲ, ಅವರೇ ಮಾತು ಶುರು ಮಾಡುತ್ತಾರೆ.

ಕೋಡಿಬಾಗದವಳು:
ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. 50 ಬೋಟು, 6 ಜನದ ಲೆಕ್ಕ ಗೈಡ್‌ಗೆ ಮೇಲ್ ಮಾಡಿದೆ, ಫೋನ್ ಮಾಡಿ ಎಂದಿದ್ದಾರೆ. ಎರಡು ಸಣ್ಣ ಪ್ರಶ್ನೆ. ಬೋಟುಗಳ ಪಟ್ಟಿಗೆ ಅರ್ಜಿ ಯಾರಿಗೆ? ಮತ್ತೆ ನನಗೆ ಜೆಆರ್‌ಎಫ್ (ಸಂಶೋಧನೆಗೆ ತಿಂಗಳು ತಿಂಗಳು ಸಿಗುವ ಫೆಲೋಶಿಪ್) ಇಲ್ಲ, ಒಡಿಶಾಕ್ಕೆ ಹೋಗಿ ಬರುವ ಖರ್ಚಿಗೆ ದಾರಿ ಇದೆಯಾ?

ಹಳೇ ಸ್ಕಾಲರ್:
ಅರ್ಜಿ ಕಾರವಾರದ ಮೀನುಗಾರಿಕೆ ಇಲಾಖೆ ಕಚೇರಿಗೆ, ವಿಭಾಗದ ಮುಖ್ಯಸ್ಥರ ಪತ್ರ ಲಗತ್ತಿಸಿ. ಮಾಲೀಕರ ಹೆಸರು, ಫೋನ್ ಬೇಡ, ನೋಂದಣಿ ಸಂಖ್ಯೆ ಮತ್ತು ಬೋಟಿನ ಬಗೆ ಸಾಕು ಅಂತ ಬರೆಯಿರಿ, ಬೇಗ ಕೊಡುತ್ತಾರೆ. ಹಣಕ್ಕೆ ಇನ್ನೊಮ್ಮೆ ನೆಟ್ ಪರೀಕ್ಷೆ ಬರೆಯಿರಿ, ಜೆಆರ್‌ಎಫ್ ಸಿಗುವುದು ಅದರಿಂದಲೇ. ಜೆಆರ್‌ಎಫ್ 2023ರಿಂದ ತಿಂಗಳಿಗೆ 37,000 ಆಗಿದೆ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್‌ನಲ್ಲಿ ಫೆಲೋಶಿಪ್ ಇಲ್ಲ, ಅದನ್ನು ನಂಬಿ ಕೂರಬೇಡಿ. ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಕೂಡ ಪಿಎಚ್‌.ಡಿ. ಮಾಡುವವರಿಗೆ ಫೆಲೋಶಿಪ್ ಕೊಡುತ್ತದೆ, ಅವರ ಪ್ರಕಟಣೆ ನೋಡುತ್ತಿರಿ.

ತಾಂಡೇಲರ ಮನೆ:
ಪಟ್ಟಿಯಲ್ಲಿ ಇರುವ ಬೋಟೆಲ್ಲ ಕಡಲಿಗೆ ಇಳಿಯುವುದಿಲ್ಲ ಅಕ್ಕಾ, ಕೆಲವು ಮಾರಾಟವಾಗಿವೆ, ಕೆಲವು ದಡದಲ್ಲೇ ಕೊಳೆಯುತ್ತಿವೆ. ಪಟ್ಟಿ ಸಿಕ್ಕ ಮೇಲೆ ಒಮ್ಮೆ ಬಂದರಿಗೆ ತನ್ನಿ, ಯಾವುದು ಓಡುತ್ತದೆ ಯಾವುದು ಇಲ್ಲ ಅಂತ ಗುರುತು ಹಾಕಿ ಕೊಡುತ್ತೇವೆ.