ಆನೆ ಮತ್ತು ಒಂದು ಪದಾತಿಯ ಎಂಡ್‌ಗೇಮ್: ಡ್ರಾ ಆಗಬೇಕಿದ್ದ ಆಟವನ್ನು ಸೋತೆ, ಅಭ್ಯಾಸ ಎಲ್ಲಿಂದ ಆರಂಭಿಸಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ಚೆಸ್ ರೇಟಿಂಗ್ ಪಂದ್ಯಾವಳಿಗಳಲ್ಲಿ ಆಡುತ್ತಿದ್ದೇನೆ. ಆಟದ ಆರಂಭದ ನಡೆಗಳಿಗೆ ವಾರಕ್ಕೆ ಐದಾರು ಗಂಟೆ ಮೀಸಲಿಡುವ ನಾನು ಎಂಡ್‌ಗೇಮ್ ಅನ್ನು, ಅಂದರೆ ಕೆಲವೇ ಕಾಯಿಗಳು ಉಳಿದಿರುವ ಕೊನೆಯ ಹಂತವನ್ನು, ಕ್ರಮವಾಗಿ ಕಲಿತದ್ದೇ ಇಲ್ಲ. ಕಳೆದ ತಿಂಗಳ ಒಂದು ಆಟದಲ್ಲಿ ಕಪ್ಪು ಕಾಯಿಗಳಿದ್ದ ನನ್ನ ಬಳಿ ರಾಜ ಮತ್ತು ಆನೆ, ಎದುರಾಳಿಯ ಬಳಿ ರಾಜ, ಆನೆ ಮತ್ತು ಇ5ರಲ್ಲಿ (ಅಕ್ಷರ ಉದ್ದಸಾಲನ್ನು, ಅಂಕಿ ಅಡ್ಡಸಾಲನ್ನು ಸೂಚಿಸುತ್ತದೆ) ಒಂದೇ ಪದಾತಿ ಉಳಿದಿದ್ದವು. ನನ್ನ ರಾಜ ಇ8ರಲ್ಲಿ, ಪದಾತಿಯ ದಾರಿಗೆ ಅಡ್ಡವಾಗಿಯೇ ನಿಂತಿದ್ದ. ಗಡಿಯಾರದಲ್ಲಿ ಪ್ರತಿ ನಡೆಗೆ ಸೇರುವ 30 ಸೆಕೆಂಡುಗಳಷ್ಟೇ ಉಳಿದಿದ್ದುದರಿಂದ ಗಾಬರಿಯಾಗಿ, ಆನೆಯನ್ನು ಎಂಟನೇ ಅಡ್ಡಸಾಲಿಗೆ ತಂದು ರಾಜನ ಪಕ್ಕದಲ್ಲಿ ಕಾವಲಿಗೆ ನಿಲ್ಲಿಸಿದೆ. ಹದಿನೈದು ನಡೆಗಳೊಳಗೆ ಸೋತೆ. ಇದು ಸುಲಭವಾಗಿ ಡ್ರಾ ಆಗುವ ಸ್ಥಿತಿಯಾಗಿತ್ತೆಂದು ಆಮೇಲೆ ಎದುರಾಳಿಯೇ ತಿಳಿಸಿದರು. ನನ್ನ ತಪ್ಪು ಯಾವುದು, ಇಂಥ ಸ್ಥಿತಿಗಳನ್ನು ಮರೆಯದಂತೆ ಕಲಿಯುವ ಕ್ರಮ ಯಾವುದು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ನೀವು ಕಳೆದುಕೊಂಡದ್ದು ಫಿಲಿಡೋರ್ ಸ್ಥಿತಿಯನ್ನು. ಹದಿನೆಂಟನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಅವರ ಹೆಸರಿನಲ್ಲಿರುವ ಈ ರಕ್ಷಣೆಯಲ್ಲಿ ಆನೆಯ ಸ್ಥಾನ ಎಂಟನೇ ಅಡ್ಡಸಾಲಲ್ಲ, ಆರನೆಯದು. ಹಲಗೆಯ ಮೇಲೆ ಹೀಗೆ ಜೋಡಿಸಿಕೊಳ್ಳಿ: ಬಿಳಿಯ ರಾಜ ಡಿ5, ಪದಾತಿ ಇ5, ಆನೆ ಎ7, ಕಪ್ಪು ರಾಜ ಇ8, ಆನೆ ಜಿ6. ಕಪ್ಪು ಆನೆ ಆರನೇ ಸಾಲನ್ನು ಕಾಯುತ್ತಿರುವವರೆಗೆ ಬಿಳಿಯ ರಾಜ ಆ ಸಾಲಿಗೆ ಕಾಲಿಡಲಾರ. ಬಿಳಿ ಸುಮ್ಮನೆ ಕಾದರೆ ನೀವೂ ಆನೆಯನ್ನು ಅದೇ ಸಾಲಿನಲ್ಲಿ ಆಚೀಚೆ ಸರಿಸುತ್ತಾ ಕಾಯಬಹುದು. ಕೊನೆಗೆ ಬೇರೆ ದಾರಿಯಿಲ್ಲದೆ ಬಿಳಿ ಪದಾತಿಯನ್ನು ಇ6ಕ್ಕೆ ತಳ್ಳಿದ ಕೂಡಲೇ ನಿಮ್ಮ ಆನೆ ಜಿ1ಕ್ಕೆ ಹೋಗಬೇಕು. ಬಿಳಿಯ ರಾಜ ಡಿ6ಕ್ಕೆ ಬಂದು ಎ8ರಲ್ಲಿ ಮಾತ್ ಮಾಡುವ ಬೆದರಿಕೆ ಹಾಕಿದರೆ ಡಿ1ರಿಂದ ಚೆಕ್, ಇ5ಕ್ಕೆ ಇಳಿದರೆ ಇ1ರಿಂದ ಚೆಕ್, ಎಫ್6ಕ್ಕೆ ಸರಿದರೆ ಎಫ್1ರಿಂದ ಚೆಕ್. ಪದಾತಿ ಈಗಾಗಲೇ ಇ6ರಲ್ಲಿರುವುದರಿಂದ ಹಿಂದಿನಿಂದ ಬರುವ ಚೆಕ್‌ಗಳಿಗೆ ಮರೆಯಾಗಿ ನಿಲ್ಲಲು ರಾಜನಿಗೆ ಮನೆಯೇ ಸಿಗುವುದಿಲ್ಲ. ಪದಾತಿ ಆರನೇ ಸಾಲಿಗೆ ಬರುವವರೆಗೆ ಕಾಯಬೇಕು, ಬಂದ ಮೇಲೆ ಒಂದು ನಡೆಯನ್ನೂ ತಡಮಾಡಬಾರದು.

ಎಂಟನೇ ಸಾಲಿನ ಕಾವಲು ಎಲ್ಲ ಕಡೆಯೂ ತಪ್ಪೆಂದು ಮಾತ್ರ ಭಾವಿಸಬೇಡಿ. ರಾಜ ಪದಾತಿಯ ಮುಂದಿದ್ದು, ಪದಾತಿ ಎ, ಬಿ, ಜಿ ಅಥವಾ ಎಚ್ ಸಾಲಿನದಾಗಿದ್ದರೆ ಆ ಕಾವಲೇ ಡ್ರಾಗೆ ಸಾಕು, ಏಕೆಂದರೆ ಹಲಗೆಯ ಅಂಚು ಹತ್ತಿರವಿರುವುದರಿಂದ ಆಕ್ರಮಣ ಮಾಡುವ ಆನೆ ಇನ್ನೊಂದು ಬದಿಗೆ ಹೊರಳಿ ಬೆದರಿಸಲು ಸ್ಥಳವಿರುವುದಿಲ್ಲ. ನಡುವಿನ ಸಿ, ಡಿ, ಇ, ಎಫ್ ಸಾಲುಗಳಲ್ಲಿ ಎರಡೂ ಬದಿಗಳಲ್ಲಿ ಸ್ಥಳವಿರುತ್ತದೆ. ನೀವು ಸೋತದ್ದು ಅಲ್ಲಿಯೇ.

ಎರಡನೇ ಉತ್ತರ

ಮೇಲಿನ ವಿವರಣೆ ಸರಿಯಾಗಿದೆ. ನಾನು ಮಕ್ಕಳಿಗೆ ಚೆಸ್ ಕಲಿಸುವವನಾದ್ದರಿಂದ ಅಭ್ಯಾಸದ ಬಗೆಗೆ ಒಂದೆರಡು ಮಾತು ಸೇರಿಸುತ್ತೇನೆ. ಫಿಲಿಡೋರ್ ಸ್ಥಿತಿಯನ್ನು ಲುಸೆನಾ ಸ್ಥಿತಿಯೊಂದಿಗೆ ಜೋಡಿಯಾಗಿ ಕಲಿಯಿರಿ; ಒಂದು ಉಳಿಸುವ ವಿದ್ಯೆ, ಇನ್ನೊಂದು ಗೆಲ್ಲುವ ವಿದ್ಯೆ. ಬಿಳಿಯ ರಾಜ ಡಿ8, ಪದಾತಿ ಡಿ7, ಆನೆ ಎಫ್1. ಕಪ್ಪು ರಾಜ ಜಿ7, ಆನೆ ಸಿ2. ಪದಾತಿ ರಾಣಿಯಾಗಲು ಒಂದೇ ಹೆಜ್ಜೆ ದೂರದಲ್ಲಿದ್ದರೂ ರಾಜನೇ ದಾರಿಗೆ ಅಡ್ಡ. ಬಿಳಿಯ ಮೊದಲ ನಡೆ ಆನೆ ಎಫ್4. ಕಪ್ಪು ಆನೆ ಸಿ1ಕ್ಕೆ ಸರಿದು ಕಾದರೆ ರಾಜ ಇ7ಕ್ಕೆ ಹೊರಬರುತ್ತಾನೆ. ಇ1ರಿಂದ ಚೆಕ್ ಬಂದಾಗ ಡಿ6, ಡಿ1ರಿಂದ ಬಂದಾಗ ಇ6, ಮತ್ತೆ ಇ1ರಿಂದ ಬಂದಾಗ ಡಿ5. ಇನ್ನೊಮ್ಮೆ ಡಿ1ರಿಂದ ಚೆಕ್ ಬಂದರೆ ನಾಲ್ಕನೇ ಸಾಲಿನಲ್ಲಿ ಮೊದಲೇ ಸಿದ್ಧವಾಗಿ ನಿಂತಿದ್ದ ಆನೆ ಡಿ4ಕ್ಕೆ ಬಂದು ತಡೆಯುತ್ತದೆ. ಆಟಗಾರರು ಇದನ್ನು ಸೇತುವೆ ಕಟ್ಟುವುದು ಎನ್ನುತ್ತಾರೆ. ಮೊದಲ ನಡೆಯಲ್ಲಿ ಆನೆ ಐದನೆಯ ಸಾಲಿಗೋ ಮೂರನೆಯ ಸಾಲಿಗೋ ಹೋಗದೆ ನಾಲ್ಕನೆಯದಕ್ಕೇ ಏಕೆ ಹೋಯಿತೆಂದು ನಿಮ್ಮ ಮಾತಿನಲ್ಲೇ ವಿವರಿಸಲು ಸಾಧ್ಯವಾದ ದಿನ ಅದು ನಿಮಗೆ ಒಲಿದಿದೆ ಎಂದು ತಿಳಿಯಬಹುದು.

ವಾರಕ್ಕೆ ಎರಡು ಸ್ಥಿತಿಗಳಿಗಿಂತ ಹೆಚ್ಚು ಬೇಡ. ಪ್ರತಿಯೊಂದನ್ನೂ ಎರಡೂ ಬಣ್ಣಗಳಿಂದ, ಗಡಿಯಾರ ಇಟ್ಟುಕೊಂಡು, ಸ್ನೇಹಿತರೊಬ್ಬರ ಎದುರು ಆಡಿ. ಆಡಿ ಮುಗಿಸಿದ ಮೇಲೆ ಟೇಬಲ್‌ಬೇಸ್, ಅಂದರೆ ಕೆಲವೇ ಕಾಯಿಗಳ ಸ್ಥಿತಿಗಳ ಸರಿಯಾದ ಫಲಿತಾಂಶವನ್ನು ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿಟ್ಟಿರುವ ಸಂಗ್ರಹ, ತೆರೆಯಿರಿ. ರಾಜರೂ ಸೇರಿದಂತೆ ಏಳು ಕಾಯಿಗಳವರೆಗಿನ ಸ್ಥಿತಿಗಳಿಗೆ ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಇದು ಉಚಿತವಾಗಿ ಲಭ್ಯವಿದೆ. ಆಡುವ ಮೊದಲೇ ಅದನ್ನು ನೋಡಿದರೆ ಉತ್ತರ ಕಣ್ಣಿಗೆ ಬೀಳುತ್ತದೆಯೇ ಹೊರತು ಕಾರಣ ಮನಸ್ಸಿಗೆ ಇಳಿಯುವುದಿಲ್ಲ. ಇವುಗಳಿಗೂ ಮುಂಚೆ ರಾಜ ಮತ್ತು ಪದಾತಿಯ ಆಟ ಗಟ್ಟಿಯಾಗಿರಬೇಕು. ಪದಾತಿ ಇ4ರಲ್ಲಿದ್ದಾಗ ಅದರ ರಾಜ ಡಿ6, ಇ6, ಎಫ್6 ಎಂಬ ಮೂರು ಮನೆಗಳಲ್ಲಿ ಒಂದನ್ನು ತಲುಪಿದರೆ ಗೆಲುವು ಖಚಿತ ಎಂಬುದು ಗೊತ್ತಿಲ್ಲದವರಿಗೆ, ಆನೆಗಳನ್ನು ಬದಲಿಸಿಕೊಳ್ಳಬೇಕೋ ಬೇಡವೋ ಎಂಬ ನಿರ್ಧಾರ ಪ್ರತಿ ಬಾರಿಯೂ ಊಹೆಯಾಗಿಯೇ ಉಳಿಯುತ್ತದೆ.

ಮೂರನೇ ಉತ್ತರ

ಇಬ್ಬರೂ ಹೇಳಿದ್ದನ್ನು ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ಇಂಥ ಸ್ಥಿತಿಗಳು ಹಲಗೆಯ ಮೇಲೆ ಬರುವುದಕ್ಕೆ ಇಪ್ಪತ್ತು ನಡೆ ಮೊದಲೇ, ಎರಡೂ ಕಡೆ ಮೂರು ನಾಲ್ಕು ಪದಾತಿಗಳಿರುವಾಗಲೇ, ಹೆಚ್ಚಿನ ಆಟಗಳ ಭವಿಷ್ಯ ನಿರ್ಧಾರವಾಗುತ್ತದೆ. 2013ರ ನವೆಂಬರ್‌ನಲ್ಲಿ ಚೆನ್ನೈಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೊದಲ ನಾಲ್ಕು ಆಟಗಳು ಡ್ರಾ ಆದ ಬಳಿಕ ಆನಂದ್ ಅವರ ವಿರುದ್ಧ ಕಾರ್ಲ್‌ಸನ್ ಐದನೆಯ ಮತ್ತು ಆರನೆಯ ಆಟಗಳನ್ನು ಗೆದ್ದದ್ದು ಆನೆಗಳ ಎಂಡ್‌ಗೇಮ್‌ನಲ್ಲಿಯೇ. ಆರನೆಯ ಆಟದಲ್ಲಿ ಕಾರ್ಲ್‌ಸನ್ ಪದಾತಿಗಳನ್ನು ಬಿಟ್ಟುಕೊಟ್ಟು ತಮ್ಮ ರಾಜನಿಗೂ ಎಫ್ ಸಾಲಿನ ಪದಾತಿಗೂ ದಾರಿ ಮಾಡಿಕೊಂಡರು. ಕಾಯಿಗಳ ಲೆಕ್ಕಕ್ಕಿಂತ ಅವುಗಳ ಚಟುವಟಿಕೆ ಮುಖ್ಯ ಎಂಬುದನ್ನು ಕಲಿಯಲು ಆ ಎರಡು ಆಟಗಳನ್ನು ನಿಧಾನವಾಗಿ, ಪ್ರತಿ ನಡೆಗೂ ಮುನ್ನ ನಿಮ್ಮ ಉತ್ತರವನ್ನು ಬರೆದಿಟ್ಟುಕೊಂಡು, ಆಡಿ ನೋಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ತಂಗಿಯ ಎದುರು ಫಿಲಿಡೋರ್ ಸ್ಥಿತಿಯನ್ನು ಹತ್ತು ಬಾರಿ ಆಡಿದೆ. ಮೊದಲ ಮೂರು ಬಾರಿ, ಪದಾತಿ ಇನ್ನೂ ಐದನೇ ಸಾಲಿನಲ್ಲಿರುವಾಗಲೇ ಆತುರಪಟ್ಟು ಆನೆಯನ್ನು ಕೆಳಗಿಳಿಸಿ ಸೋತೆ, ಉಳಿದ ಏಳನ್ನು ಡ್ರಾ ಮಾಡಿಕೊಂಡೆ. ಇನ್ನೊಂದು ಸಂದೇಹವಿದೆ. ನನ್ನ ರಾಜನನ್ನು ಪದಾತಿಯ ಮುಂದಿನಿಂದ ಆಚೆಗೆ ಓಡಿಸಿಬಿಟ್ಟಿದ್ದರೆ ಏನು ಮಾಡಬೇಕು?

ಮೊದಲ ಉತ್ತರ ಬರೆದವರು

ಆಗ ರಾಜ ಹಲಗೆಯ ಕಿರಿದಾದ ಬದಿಗೆ ಸರಿಯಬೇಕು, ಅಗಲವಾದ ಬದಿಯನ್ನು ಆನೆಗೆ ಬಿಟ್ಟುಕೊಡಬೇಕು. ಇ ಸಾಲಿನ ಪದಾತಿಗೆ ಎಫ್, ಜಿ, ಎಚ್ ಸಾಲುಗಳ ಕಡೆ ಕಿರಿದು. ಆದ್ದರಿಂದ ರಾಜ ಜಿ7ರ ಆಸುಪಾಸಿನಲ್ಲಿ, ಆನೆ ಎ ಸಾಲಿನಲ್ಲಿ ಇರಬೇಕು. ಆನೆಗೂ ಪದಾತಿಗೂ ನಡುವೆ ಬಿ, ಸಿ, ಡಿ ಎಂಬ ಮೂರು ಸಾಲುಗಳ ಅಂತರವಿದ್ದರೆ, ಪಕ್ಕದಿಂದ ಚೆಕ್ ಕೊಡುವ ಆನೆಯನ್ನು ಬೆನ್ನಟ್ಟಿ ಹೊರಟ ರಾಜ ಪದಾತಿಯಿಂದ ದೂರವಾಗಲೇಬೇಕಾಗುತ್ತದೆ. ರಾಜ ತಪ್ಪಿ ಡಿ ಸಾಲಿನ ಕಡೆಗೆ ಹೋದರೆ ಸ್ವಂತ ಆನೆಯ ದಾರಿಗೆ ಅವನೇ ಅಡ್ಡವಾಗುತ್ತಾನೆ. ಇದನ್ನೂ ತಂಗಿಯ ಎದುರು ಎರಡೂ ಬಣ್ಣಗಳಿಂದ ಆಡಿ, ಎಲ್ಲಿ ತೊಡಕಾಯಿತೆಂದು ಇಲ್ಲಿ ಬರೆಯಿರಿ.