ಬಿದ್ದ ಹಾಲುಹಲ್ಲಿಗೆ ಬೇರೇ ಇಲ್ಲ, ಎಲ್ಲಿ ಹೋಯ್ತು?

ಪಾವಗಡದ ಅಪ್ಪ:
ಮಗಳಿಗೆ ಆರು ತುಂಬಿ ಎರಡು ತಿಂಗಳು. ನಿನ್ನೆ ಚಕ್ಕುಲಿ ಕಡಿಯುವಾಗ ಕೆಳಗಿನ ಮುಂದಿನ ಹಲ್ಲು ಬಿತ್ತು. ಸಗಣಿ ಉಂಡೆಯಲ್ಲಿಟ್ಟು ಸೂರಿನ ಮೇಲೆ ಎಸೀಬೇಕು ಅಂತ ನಮ್ಮಮ್ಮ ಕಾಯುತ್ತಿದ್ದಾರೆ. ಅಷ್ಟರಲ್ಲಿ ಅಂಗೈ ಮೇಲಿಟ್ಟು ನೋಡಿದೆ. ಬೇರೇ ಇಲ್ಲ, ಕೆಳಗೆ ಟೊಳ್ಳು. ಮುರಿದು ಒಳಗೇ ಉಳಿದಿದೆಯಾ? ಹಿಂದೆ ಇಣುಕುತ್ತಿರುವ ಹೊಸ ಹಲ್ಲು ಹಳದಿ, ಅಂಚು ಗರಗಸದ ಥರ. ನಾವು ಕುಡಿಯುವುದು ಬೋರ್‌ವೆಲ್ ನೀರು ಬೇರೆ.

ಹಲ್ಲಿನ ಡಾಕ್ಟರ್:
ಮುರಿದಿಲ್ಲ ಸಾರ್, ಕರಗಿದೆ. ಹೊಸ ಹಲ್ಲು ಮೇಲೆ ಬರುತ್ತಾ ಬರುತ್ತಾ ಹಾಲುಹಲ್ಲಿನ ಬೇರನ್ನು ಜೀವಕೋಶಗಳು ಸವೆಸಿಬಿಡುತ್ತವೆ. ಚಕ್ಕುಲಿ ಸುಮ್ನೆ ನೆಪ. ಆ ಟೊಳ್ಳು ಪಲ್ಪ್ ಇದ್ದ ಜಾಗ, ಅಂದರೆ ನರ, ರಕ್ತನಾಳಗಳ ಕೋಣೆ.

ಹಳದಿ ಬಣ್ಣ ಡೆಂಟಿನ್‌ದು, ಅಂದರೆ ಹಲ್ಲಿನ ಒಳಪದರದ್ದು. ಶಾಶ್ವತ ಹಲ್ಲಿನಲ್ಲಿ ಅದು ದಪ್ಪ, ಮೇಲಿನ ಗಟ್ಟಿ ಹೊದಿಕೆ ಎನಾಮಲ್ ಮೂಲಕ ಕಾಣುತ್ತದೆ. ಪಕ್ಕದಲ್ಲಿ ಬೆಳ್ಳಗಿನ ಹಾಲುಹಲ್ಲು ಇದ್ದರೆ ಇನ್ನೂ ಜಾಸ್ತಿ ಎದ್ದು ಕಾಣುತ್ತದೆ, ಅಲ್ವಾ? ಗರಗಸದಂಥ ಮೂರು ಉಬ್ಬುಗಳು ಕಚ್ಚಿ ತಿನ್ನುತ್ತಾ ತಾವೇ ಸವೆಯುತ್ತವೆ.

ನೀರಿನ ಮಾತಿಗೆ ಬರೋಣ. ಈ ಹಲ್ಲಿನ ಎನಾಮಲ್ ಕೆಲಸ ಮಗುವಿಗೆ ಮೂರ್ನಾಲ್ಕು ತಿಂಗಳಾದಾಗಲೇ ದವಡೆಯೊಳಗೆ ಶುರುವಾಗಿ, ನಾಲ್ಕೈದು ವರ್ಷಕ್ಕೆ ಮುಗಿದಿರುತ್ತದೆ.   ಎನಾಮಲ್ ಕಟ್ಟುವ ಕೋಶಗಳು ಹಲ್ಲು ಹೊರಬಂದ ಮೇಲೆ ಇರುವುದೇ ಇಲ್ಲ. ಹಾಗಾಗಿ ಕಟ್ಟುವಾಗ, ಕೆಲವು ಬೋರ್‌ವೆಲ್ ನೀರಿನಲ್ಲಿ ಕರಗಿರುವ ಫ್ಲೋರೈಡ್ ಜಾಸ್ತಿಯಾಗಿ ಬಿದ್ದ ಗುರುತು ಹಾಗೇ ಉಳಿಯುತ್ತದೆ. ಅದು ಸುಣ್ಣದಂಥ ಗೆರೆ, ಇಲ್ಲವೇ ಕಂದು ಕಲೆ. ಬರೀ ಹಳದಿ ಅಲ್ಲ. ಆದರೂ ನೀರು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಬೇಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣವೇ ಹೆಚ್ಚುತ್ತದೆ.

ಕಂದು ನಗು:
ನಮ್ಮ ಮನೆಗೆ ಬೋರ್ ಹಾಕಿಸಿದಾಗ ಅಣ್ಣನಿಗೆ ಹತ್ತು, ನನಗೆ ಒಂದೂವರೆ. ಅದೇ ಕೊಡ, ಅದೇ ನೀರು. ಅವನ ಮುಂದಿನ ಹಲ್ಲು ಬೆಳ್ಳಗಿವೆ, ನನ್ನವು ಕಾಫಿ ಕಲೆ ಬಿದ್ದ ಬಟ್ಟೆ. ಶಾಲೆಯಲ್ಲಿ ಹಲ್ಲುಜ್ಜೋಲ್ವಾ ಅಂತ ಬೈಸಿಕೊಂಡಿದ್ದೇ ಬೈಸಿಕೊಂಡಿದ್ದು. ಇದ್ದಿಲಲ್ಲಿ ಉಜ್ಜಿ ಉಜ್ಜಿ ವಸಡು ಕಿತ್ತುಕೊಂಡೆ, ಕಲೆ ಹೋಗಲಿಲ್ಲ.

ಪಾವಗಡದ ಅಪ್ಪ:
ಹಾಗಾದರೆ ಮಗಳಿಗಿಂತ ಚಿಕ್ಕವನದೇ ಚಿಂತೆ. ಅವನಿಗೆ ಈಗ ಎಂಟು ತಿಂಗಳು. ನಾಳೆಯೇ ನೀರು ಪರೀಕ್ಷೆಗೆ ಕೊಡುತ್ತೇನೆ. ಹಲ್ಲು ಇನ್ನೂ ನನ್ನ ಜೇಬಿನಲ್ಲೇ ಇದೆ. ಅಮ್ಮ ಸಗಣಿ ಹಿಡಿದು ಅಂಗಳದಲ್ಲಿ ನಿಂತಿದ್ದಾರೆ.