ಮಕ್ಕಳ ಸರ್ಜನ್‌ಗೆ ಕೇಳಿ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್, ಕಲಬುರಗಿ: ನಮ್ಮ ಡಾಕ್ಟರ್ ಮೇಡಂ ಟಾಂಜಾನಿಯಾದಿಂದ ವಾಪಸ್ ಬಂದಿದ್ದಾರೆ. ಅಲ್ಲಿಯ ಸರ್ಜನ್‌ಗಳಿಗೆ ಎರಡು ವಾರ, ಸಂಬಳ ಇಲ್ಲದೆ, ಮಕ್ಕಳ ಆಪರೇಷನ್ ಕಲಿಸಿ ಬಂದರು. ಹುಟ್ಟಿನಿಂದ ಬಂದ ತೊಂದರೆಗಳ ಬಗ್ಗೆ ಕೇಳಿ.

ಆಳಂದ: ನಮಸ್ಕಾರ್ರೀ ಮೇಡಂ. ಮಗಳಿಗೆ ಸೀಳು ತುಟಿ, ಎರಡು ತಿಂಗಳು. ಆಪರೇಷನ್ ಯಾವಾಗ? ಗ್ರಹಣದಲ್ಲಿ ಈಳಿಗೆ ಹಿಡಿದಿದ್ದೆ ಅಂತ ಅತ್ತೆ ದಿನಾ ಬೈಯುತ್ತಾರೆ.

ಡಾಕ್ಟರ್: ನಮಸ್ಕಾರ ಅಮ್ಮಾ. ತುಟಿಗೆ ಮೂರರಿಂದ ಆರು ತಿಂಗಳೊಳಗೆ. ಅಂಗುಳೂ ಸೀಳಿದ್ದರೆ ಅದಕ್ಕೆ ಒಂದು ವರ್ಷದ ಆಸುಪಾಸು. ಅಲ್ಲಿಯವರೆಗೆ ತೂಕ ಏರಬೇಕು. ಎದೆಹಾಲು ಎಳೆಯಲು ಆಗದಿದ್ದರೆ ಹಿಂಡಿ ಒಳಲೆಯಲ್ಲಿ ಕುಡಿಸಿ, ತಲೆ ಎತ್ತಿ ಹಿಡಿಯಿರಿ. ತುಟಿ ಕೂಡುವುದು ಬಸಿರಿನ ಮೊದಲ ಎರಡು ತಿಂಗಳಲ್ಲಿ. ಈಳಿಗೆಗೂ ಗ್ರಹಣಕ್ಕೂ ಸಂಬಂಧ ಇಲ್ಲ. ನಿಮ್ಮ ತಪ್ಪು ಏನೂ ಇಲ್ಲ, ಅತ್ತೆಗೆ ಇದನ್ನು ಓದಿ ಹೇಳಿ.

ಹುಮನಾಬಾದ್: ಮಗನಿಗೆ ನಾಲ್ಕು ವರ್ಷ. ಅಂಗುಳಿನ ಆಪರೇಷನ್ ಆಗಿದೆ, ಮಾತು ಮೂಗಿನಲ್ಲೇ ಬರುತ್ತದೆ. ಏನು ಮಾಡಬೇಕು?

ಸುರಪುರ: ಮೇಡಂ, ಅಕ್ಕನ ಮಗು, ಗಂಡು, ಹುಟ್ಟಿ ಎರಡು ದಿನ. ಮಲದ್ವಾರವೇ ಇಲ್ಲ. ಹೊಟ್ಟೆ ಉಬ್ಬಿದೆ. ಮುಂದಿನ ತಿಂಗಳು ಫಾರಿನ್ ಡಾಕ್ಟರ್‌ಗಳ ಕ್ಯಾಂಪ್ ಇದೆಯಂತೆ. ಕಾಯಬಹುದಾ?

ಡಾಕ್ಟರ್: ಕಾಯಬೇಡಿ. ಇದನ್ನು ಓದಿದ ತಕ್ಷಣ 108ಕ್ಕೆ ಫೋನ್ ಮಾಡಿ. ಹಾಲು ಕೊಡಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿಸಿ. ಅಲ್ಲಿಂದ ನೇರ ಮಕ್ಕಳ ಸರ್ಜನ್ ಇರುವಲ್ಲಿಗೆ ಹೋಗಿ. ಮಗು ತಣ್ಣಗಾಗಬಾರದು, ಎದೆಗೆ ಅಪ್ಪಿಕೊಳ್ಳಿ. ಹಸಿರು ವಾಂತಿ ಆಗಿದೆಯಾ? ಮೂತ್ರದಲ್ಲಿ ಮಲದ ಬಣ್ಣ ಇದೆಯಾ? ಇದನ್ನು ಅಲ್ಲಿಯ ಡಾಕ್ಟರಿಗೆ ಹೇಳಿ.

ಮೊದಲು ಹೊಟ್ಟೆಯ ಮೇಲೆ ಮಲಕ್ಕೆ ದಾರಿ ಮಾಡುತ್ತಾರೆ. ಅದನ್ನು ನೋಡಿ ಅಕ್ಕ ಹೆದರಬಾರದು, ಜೀವ ಉಳಿಸುವುದು ಅದೇ. ಹೃದಯ, ಕಿಡ್ನಿ, ಬೆನ್ನುಮೂಳೆಯನ್ನೂ ಪರೀಕ್ಷೆ ಮಾಡಿಸಿ, ಈ ಮಕ್ಕಳಿಗೆ ಅಲ್ಲೂ ತೊಂದರೆ ಇರಬಹುದು. ಕೆಲವು ತಿಂಗಳ ನಂತರ ಮಲದ್ವಾರ ಮಾಡುತ್ತಾರೆ. ಅದು ಸ್ನಾಯುವಿನ ನಟ್ಟ ನಡುವೆ ಬರಬೇಕು, ಇಲ್ಲದಿದ್ದರೆ ಮುಂದೆ ಮಗುವಿಗೆ ಮಲದ ಮೇಲೆ ಹಿಡಿತ ಸಿಗಲ್ಲ. ಈ ಆಪರೇಷನ್ 1980ರಲ್ಲಿ ಮೆಕ್ಸಿಕೋದಲ್ಲಿ ಅಲ್ಬರ್ಟೊ ಪೆನ್ಯಾ ಅವರಿಂದ ಶುರುವಾಯಿತು. ಅವರು ಬೇರೆ ಬೇರೆ ದೇಶದವರಿಗೆ ಕಲಿಸಿದರು. ನಾವು ಇಲ್ಲಿ ಮಾಡುವುದೂ ಅದನ್ನೇ. ಆಮೇಲೆ ಜಾಗ ಬಿಗಿಯದ ಹಾಗೆ ತಾಯಿ ತಿಂಗಳುಗಟ್ಟಲೆ, ಡಾಕ್ಟರ್ ಹೇಳಿಕೊಟ್ಟ ಹಾಗೆ, ಡೈಲೇಟರ್ ಅನ್ನುವ ನಯವಾದ ಸರಳು ಹಾಕಿ ಹಿಗ್ಗಿಸಬೇಕು. ಕೊನೆಗೆ ಹೊಟ್ಟೆಯ ದಾರಿ ಮುಚ್ಚುತ್ತಾರೆ.

ಒಂದು ವಾರಕ್ಕೆ ಬಂದು ಹೋಗುವವರಿಂದ ಇಷ್ಟೆಲ್ಲ ಆಗಲ್ಲ. ಟಾಂಜಾನಿಯಾದಲ್ಲೂ ನಾನು ಚಾಕು ಹಿಡಿಯಲ್ಲ. ಅಲ್ಲಿಯ ಸರ್ಜನ್ ಹಿಡಿಯುತ್ತಾರೆ, ನಾನು ಎದುರು ನಿಂತು ಸಹಾಯ ಮಾಡುತ್ತೇನೆ. ನಾನು ವಾಪಸ್ ಬಂದ ಮೇಲೆ ರಾತ್ರಿ ಹೊಲಿಗೆ ಬಿಟ್ಟರೆ ಓಡಿ ಬರುವವರು ಅವರೇ ಅಲ್ವಾ?

ಸೇಡಂ: ಫಾರ್ವರ್ಡ್ ಬಂದಿದೆ. ಮಗುವಿಗೆ ಮಲ ಆಗದಿದ್ದರೆ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಹಿಂದೆ ಇಡಿ. ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಕಳಿಸಬೇಡಿ. ಹಾಗೆ ಚುಚ್ಚಿ ಹರಿದು ರಕ್ತ ಬಂದ ಮಗುವನ್ನು ನೋಡಿದ್ದೇನೆ. ಡಿಲೀಟ್ ಮಾಡಿ.

ಭಾಲ್ಕಿ: ಸೀಳು ತುಟಿ ಆಪರೇಷನ್ ಯಾವಾಗ ಮಾಡಿಸಬೇಕು?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಕಲಬುರಗಿ: ಮಗನ ಮೂತ್ರದ ರಂಧ್ರ ತುದಿಯಲ್ಲಿಲ್ಲ, ಕೆಳಗಿದೆ. ಶುಕ್ರವಾರ ಖತ್ನಾ ಇಟ್ಟಿದ್ದೇವೆ.

ಡಾಕ್ಟರ್: ನಿಲ್ಲಿಸಿ. ಖತ್ನಾದಲ್ಲಿ ತೆಗೆಯುವ ಚರ್ಮ ರಂಧ್ರ ಸರಿಮಾಡುವ ಆಪರೇಷನ್‌ಗೆ ಬೇಕಾಗಬಹುದು. ಮೊದಲು ಸರ್ಜನ್‌ಗೆ ತೋರಿಸಿ.

ಶಹಾಬಾದ್: ಒಂದು ಮಾತು. ನಮ್ಮ ಯಾದಗಿರಿ, ಚಿಂಚೋಳಿ ಮಕ್ಕಳು ಸೊಲ್ಲಾಪುರ, ಹೈದರಾಬಾದಿಗೆ ಓಡುತ್ತಾರೆ. ಮೇಡಂ ಆಫ್ರಿಕಾಕ್ಕೆ ಯಾಕೆ ಹೋಗಬೇಕು?

ಚಿತ್ತಾಪುರ: ಅವರ ರಜೆ ಅವರದ್ದು. ಕೇಳೋಕೆ ನೀವ್ಯಾರು?

ಶಹಾಬಾದ್: ನನ್ನ ತಮ್ಮನ ಮಗು ದಾರಿಯಲ್ಲೇ ಹೋಯಿತು ಅಣ್ಣಾ. ನಾನು ಕೇಳದೆ ಇನ್ಯಾರು ಕೇಳಬೇಕು?

ಚಿತ್ತಾಪುರ: ಅದಕ್ಕೆ ಮೇಡಂ ಕಾರಣಾನಾ? ಸುಮ್ನೆ ಇರಿ.

ಜೇವರ್ಗಿ: ಹಿರಿಯರ ಮಾತೂ ಕೇಳಿ. ಗ್ರಹಣದಲ್ಲಿ ಮಣ್ಣಲ್ಲಿ ಹೂತರೆ ಕಾಲಿಲ್ಲದ ಮಕ್ಕಳೂ ನಡೆಯುತ್ತಾರೆ.

ಡಾಕ್ಟರ್: ಜೇವರ್ಗಿಯವರೇ, 2019ರ ಡಿಸೆಂಬರ್ 26ರಂದು ಇಲ್ಲೇ ತಾಜ್ ಸುಲ್ತಾನಪುರದಲ್ಲಿ ಮಕ್ಕಳನ್ನು ಕುತ್ತಿಗೆವರೆಗೆ ಹೂತಿದ್ದರು. ಆ ಫೋಟೋ ಈಗಲೂ ನನ್ನ ಕಣ್ಣ ಮುಂದಿದೆ. ಇನ್ನೊಂದು ಸಲ ಇದನ್ನು ಇಲ್ಲಿ ಹಾಕಬೇಡಿ. ಕಾಲು ಒಳಗೆ ತಿರುಗಿದ್ದರೆ ಹುಟ್ಟಿದ ಮೊದಲ ವಾರಗಳಲ್ಲೇ ಪ್ಲಾಸ್ಟರ್ ಶುರು ಮಾಡಿಸಿ. ವಾರಕ್ಕೊಂದು ಬದಲಿಸಬೇಕು. ಆಮೇಲೆ ಕಂಬಿಯಿಂದ ಜೋಡಿಸಿದ ಬೂಟು, ಮೊದಲ ಮೂರು ತಿಂಗಳು ಹಗಲೂ ರಾತ್ರಿ, ನಂತರ ನಾಲ್ಕು ವರ್ಷದವರೆಗೆ ರಾತ್ರಿ. ಪಿಎಚ್‌ಸಿಯಲ್ಲಿ ಆರ್‌ಬಿಎಸ್‌ಕೆ ತಂಡವನ್ನು, ಅಂದರೆ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ತಂಡವನ್ನು ಕೇಳಿ.

ಶಹಾಬಾದ್ ಅಣ್ಣಾರು ಕೇಳಿದ್ದು ತಪ್ಪಲ್ಲ. ಮಗು ಹೋದ ನೋವು ಅದು. ಇಲ್ಲಿ ಸರ್ಜನ್‌ಗಳು ಸಾಲದು, ನಿಜ. ವರ್ಷದ ಐವತ್ತು ವಾರ ನಾನು ಇಲ್ಲೇ ಇರುತ್ತೇನೆ. ಆದರೆ ಕಲಿಯುವುದಕ್ಕೂ ಹೊರಗೆ ಹೋಗಬೇಕು. ತಲೆಯಲ್ಲಿ ನೀರು ತುಂಬಿದ ಮಕ್ಕಳಿಗೆ ಹಾಕುವ ಟ್ಯೂಬ್ ಕಟ್ಟಿಕೊಂಡರೆ, ಆಸ್ಪತ್ರೆ ದೂರ ಇರುವ ಮಗು ಉಳಿಯಲ್ಲ. ಉಗಾಂಡಾದ ಎಂಬಾಲೆಯಲ್ಲಿ ಇದನ್ನು ನೋಡಿಯೇ ಅಮೆರಿಕದ ಬೆಂಜಮಿನ್ ವಾರ್ಫ್ ಟ್ಯೂಬ್ ಇಲ್ಲದೆ, ತಲೆಯೊಳಗೆ ಸಣ್ಣ ದುರ್ಬೀನು (ಎಂಡೋಸ್ಕೋಪ್) ಹಾಕಿ ಮಾಡುವ ದಾರಿ ಕಂಡುಕೊಂಡರು. ಈಗ ಅಮೆರಿಕದ ಮಕ್ಕಳಿಗೂ ಅದನ್ನು ಮಾಡುತ್ತಾರೆ. ಸುರಪುರಕ್ಕೂ ದೊಡ್ಡ ಆಸ್ಪತ್ರೆ ದೂರವೇ.

ಜೇವರ್ಗಿ: ಡಾಕ್ಟರ್‌ಗಳಿಗೆ ಧರ್ಮ ಅಂದ್ರೆ ಆಗಲ್ಲ.

ಚಿತ್ತಾಪುರ: ಅಡ್ಮಿನ್, ಇವರನ್ನು ತೆಗೀರಿ.

ಸುರಪುರ: 108 ಬಂತು ಮೇಡಂ. ಹಸಿರು ವಾಂತಿ ಎರಡು ಸಲ ಆಗಿದೆ.

ಡಾಕ್ಟರ್: ಟ್ಯೂಬ್ ಹಾಕಿಸದೆ ಮುಂದೆ ಹೋಗಬೇಡಿ. ಪಕ್ಕಕ್ಕೆ ಮಲಗಿಸಿ, ವಾಂತಿ ಉಸಿರಿಗೆ ಹೋಗಬಾರದು. ನಾನು ಫೋನ್ ಕೈಯಲ್ಲೇ ಇಟ್ಟುಕೊಂಡಿದ್ದೇನೆ.

ಹುಮನಾಬಾದ್: ಮೇಡಂ, ನಮ್ಮ ಮಗನ ಮಾತಿನ ಪ್ರಶ್ನೆ?